ಕೋಡುಬಳೆ ಕಸದ ಡಬ್ಬಿಗೆ, ಹೊಗೆ ಒಳಗೆ

ಕ್ಯಾಲಿಫೋರ್ನಿಯಾದ ಮಾನ್ಯ ಅಸೆಂಬ್ಲಿ ಸದಸ್ಯರಿಗೆ,

ನಮಸ್ಕಾರ. ಬಯಲು ಸಂಗೀತ ಕಾರ್ಯಕ್ರಮಗಳಲ್ಲಿ ಗಾಂಜಾ ಹೊಗೆಯ ಕಾಟದ ಬಗ್ಗೆ ಇದೇ ದೂರನ್ನು ಇಂಗ್ಲಿಷಿನಲ್ಲಿ ಮೂರು ಸಲ ಕಳಿಸಿದೆ. ಮೂರು ಸಲವೂ 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಅಂತ ಅದೇ ಉತ್ತರ. ಹೇಗೂ ಓದುವವರಿಲ್ಲ, ಕನ್ನಡದಲ್ಲೇ ಬರೆದರಾಯ್ತು ಅಂತ ಕೂತಿದ್ದೇನೆ. ಬೇ ಏರಿಯಾದ ನಮ್ಮ ಜನರಾದರೂ ಓದಲಿ.

ನಾನೇನು ಗಾಂಜಾ ವಿರೋಧಿ ಅಲ್ಲ. 2016ರಲ್ಲಿ ವಯಸ್ಕರಿಗೆ ಗಾಂಜಾ ಕಾನೂನುಬದ್ಧ ಮಾಡಿದ ಜನಮತ, ಪ್ರೊಪೊಸಿಷನ್ 64ಕ್ಕೆ ಹೌದು ಅಂತ ವೋಟು ಹಾಕಿದವಳೇ. ಮನೆಯಲ್ಲಿ ಸೇದಿಕೊಳ್ಳಲಿ, ನನಗೇನು? ಆದರೆ ಸಾರ್ವಜನಿಕ ಜಾಗದಲ್ಲಿ ಸೇದಿದರೆ 100 ಡಾಲರ್ ದಂಡ, ಸಿಗರೇಟು ನಿಷೇಧವಿರುವ ಕಡೆ 250. ನಿಮಗೆ ಗೊತ್ತಿಲ್ಲದ್ದೇನಲ್ಲ.

ಕಳೆದ ಬೇಸಿಗೆಯಲ್ಲಿ ಶಿವಮೊಗ್ಗದಿಂದ ಅಮ್ಮ ಬಂದಿದ್ದರು. 71 ವರ್ಷ, ಅಸ್ತಮಾ. ಬಯಲಿನಲ್ಲಿ ನಡೆಯುವ ಒಂದು ಸಂಗೀತ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದೆ. ಗೇಟಿನಲ್ಲಿ ಅವರ ಬ್ಯಾಗಿನೊಳಗೆ ಕೋಡುಬಳೆ ಪೊಟ್ಟಣ ಸಿಕ್ಕಿತು. ಹೊರಗಿನ ತಿಂಡಿ ಬಿಡಲ್ಲ ಅಂತ ಕಸದ ಡಬ್ಬಿಗೆ ಹಾಕಿಸಿದರು. ಅಮ್ಮ ಎರಡನ್ನು ಅಲ್ಲೇ ಬಾಯಿಗೆ ಹಾಕಿಕೊಂಡರು, ಪಾಪ.

ಎರಡನೇ ಹಾಡಿಗೆ ಮುಂದಿನ ಸಾಲಿನ ನಾಲ್ವರು ಗಾಂಜಾ ಸೇದಲು ಶುರುಮಾಡಿದರು. "ಯಾರೋ ಹಸಿ ಬೇವಿನ ಸೊಪ್ಪು ಸುಡ್ತಿದಾರಲ್ಲೇ, ಇಲ್ಲೂ ಸೊಳ್ಳೆನಾ?" ಅಂದರು ಅಮ್ಮ. ಆಮೇಲೆ ಕೆಮ್ಮು. ಇನ್‌ಹೇಲರ್ ಎರಡು ಸಲ ಒತ್ತಿದರೂ ನಿಲ್ಲಲಿಲ್ಲ. ಸೆಕ್ಯುರಿಟಿಯವನನ್ನು ಕರೆದೆ. ಧೂಮಪಾನ ನಿಷೇಧದ ಬೋರ್ಡಿಗೇ ಒರಗಿ ನಿಂತು, "ಓಪನ್ ಏರ್ ಮೇಡಂ, ಈಗ ಲೀಗಲ್ ಅಲ್ವಾ" ಅಂದ. ಅರ್ಧಕ್ಕೇ ಎದ್ದು ಬಂದೆವು. ಕೋಡುಬಳೆ ಹಿಡಿದ ಕಣ್ಣಿಗೆ ಹೊಗೆ ಕಾಣಲಿಲ್ಲ ನೋಡಿ!

ಸೇದುವವರಿಗೆ ಬೇರೆ ಜಾಗ ಮಾಡಿಸಿ. ಆಗದ ಮಾತೇನಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನ ಔಟ್‌ಸೈಡ್ ಲ್ಯಾಂಡ್ಸ್ ಸಂಗೀತ ಉತ್ಸವದಲ್ಲಿ 2019ರಲ್ಲೇ ಅನುಮತಿ ತೆಗೆದುಕೊಂಡು ಮಾಡಿ ತೋರಿಸಿದ್ದಾರೆ. 21 ತುಂಬದವರನ್ನು ಆ ಆವರಣದೊಳಗೆ ಬಿಡುವುದಿಲ್ಲ. 2024ರಲ್ಲಿ ನಿಮ್ಮ ಸದನವೇ ಎಬಿ 1775 ಅನ್ನುವ ಮಸೂದೆ ಪಾಸು ಮಾಡಿತು. ಸ್ಥಳೀಯ ಆಡಳಿತ ಒಪ್ಪಿದರೆ, ಕೂತು ಗಾಂಜಾ ಸೇದುವ ಕೆಫೆಗಳಲ್ಲೂ ಹಾಡು, ಸಂಗೀತ ನಡೆಸಬಹುದು. ಸೇದಲು ಹೋದವರಿಗೆ ಸಂಗೀತ ಸಿಕ್ಕಿತು, ಸಂತೋಷ. ಸಂಗೀತಕ್ಕೆ ಹೋದವರಿಗೆ ಗಾಳಿ ಯಾವಾಗ ಕೊಡುತ್ತೀರಿ?

ಬೇರೆ ಜಾಗ ಮಾಡಿಸಿ. ಮಾಡದ ಆಯೋಜಕರಿಗೆ ದಂಡ ಹಾಕಿ. ಆ ಕತ್ತಲಲ್ಲಿ ಪೊಲೀಸರು ಸೇದುವವರನ್ನು ಒಬ್ಬೊಬ್ಬರಾಗಿ ಹಿಡಿಯುತ್ತಾರೆ ಅನ್ನುವುದು ಸುಮ್ನೆ ಮಾತು.

ಜೂನ್‌ನಲ್ಲಿ ಅಮ್ಮ ಮತ್ತೆ ಬರುತ್ತಾರೆ. ಯಾವ ಕಾರ್ಯಕ್ರಮಕ್ಕೂ ಟಿಕೆಟ್ ತೆಗೆದಿಲ್ಲ. ಬೇರೆ ಜಾಗ ಮಾಡಿಸಿ. ನಾಲ್ಕನೇ ಧನ್ಯವಾದ ಬೇಡ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು