ಟೈಶಾ ಹೆಸರು ಈಗಲೇ ಎತ್ತಬೇಡ

ಪ್ರೀತಿಯ ಪುಟ್ಟಿ,

ದಸರಾ ಮುಗಿಸಿ ನೀನು ಹಾಸ್ಟೆಲ್‌ಗೆ ಹೋಗಿ ಒಂದೂವರೆ ತಿಂಗಳಾಯಿತು. ಅಕ್ಕನಿಗೆ ಇನ್ನೂ ಫೋನ್ ಮಾಡಿಲ್ಲವಂತೆ, ದೊಡ್ಡಮ್ಮ ಹೇಳಿದರು. ಫೋನಿನಲ್ಲಿ ಇದನ್ನು ಹೇಳಲು ಹೋದರೆ ನೀನು ನಡುವೆ ಮಾತಾಡುತ್ತೀಯ, ನನಗೂ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆಯಲು ಕೂತೆ.

ಅವತ್ತು ಊಟ ಆದ ಮೇಲೆ ನೀವಿಬ್ಬರೂ ಮಾರ್ಟಿನ್ ಅವರ ಕಾದಂಬರಿಗಳಿಂದ ಮಾಡಿದ ಟೀವಿ ಸೀರಿಯಲ್ ಗೇಮ್ ಆಫ್ ಥ್ರೋನ್ಸ್ ಬಗ್ಗೆ ವಾದಕ್ಕೆ ಕೂತಿರಿ. ಅಕ್ಕ ಒಂದು ಪ್ರಶ್ನೆ ಕೇಳಿದಳು. ಕಥೆಯಲ್ಲಿ ಜೈಲಿನಿಂದ ಟಿರಿಯನ್‌ನನ್ನು ಅಣ್ಣನೇ ಬಿಡಿಸಿದ. ಹಡಗು ಕಾಯುತ್ತಿತ್ತು. ಹಾಗಿದ್ದೂ ಅವನು ಯಾಕೆ ಮೆಟ್ಟಿಲು ಹತ್ತಿ ಅಪ್ಪನ ಕೋಣೆಗೆ ಹೋದ? ನೀನು ಉತ್ತರ ಕೊಡಲಿಲ್ಲ. "ಪುಸ್ತಕ ಓದದೇ ಇರೋರಿಗೆ ಇದರ ಬಗ್ಗೆ ಮಾತಾಡೋ ಹಕ್ಕಿಲ್ಲ" ಅಂದೆ. ಅವಳು ಎದ್ದು ಅಡುಗೆಮನೆಗೆ ಹೋದಳು.

ಆ ಪುಸ್ತಕಗಳನ್ನು ನಿನ್ನ ಕೈಗೆ ಕೊಟ್ಟವಳು ನಾನು. ಅದಕ್ಕೇ ಆ ಮಾತು ನನಗೂ ತಾಗಿತು.

ನಿಮ್ಮಪ್ಪ ಒಂದು ಪುಟವನ್ನೂ ಓದಿದವರಲ್ಲ, ಗೊತ್ತಲ್ಲ. ಮಾರ್ಟಿನ್ ಅವರ ಮೂರನೇ ಪುಸ್ತಕ ಬಂದದ್ದು 2000ದಲ್ಲಿ. ಅದರಲ್ಲಿರುವ ರೆಡ್ ವೆಡ್ಡಿಂಗ್, ಅಂದರೆ ಹುಡುಗ ರಾಜ ರಾಬ್‌ನನ್ನು ಮದುವೆ ಮನೆಯಲ್ಲಿ ಕೊಲ್ಲುವ ಭಾಗ, ಟೀವಿಗೆ ಬಂದದ್ದು 2013ರ ಜೂನ್‌ನಲ್ಲಿ. ಪುಸ್ತಕ ಓದಿದವರೆಲ್ಲ 13 ವರ್ಷ ಆ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು. ನಾನೂ ಇಟ್ಟುಕೊಂಡಿದ್ದೆ. ನಿನ್ನನ್ನು ಒಳಗೆ ಮಲಗಿಸಿ, ಬಾಗಿಲು ಮುಂದೆ ಮಾಡಿ, ನಾವಿಬ್ಬರೂ ನೋಡಲು ಕೂತೆವು. ನಾನು ಟೀವಿಗಿಂತ ಅವರ ಮುಖವನ್ನೇ ಜಾಸ್ತಿ ನೋಡಿದೆ. ಕೊನೆಯಲ್ಲಿ ಹೆಸರುಗಳು ಬರುವಾಗ ಸಂಗೀತವೇ ಇರಲಿಲ್ಲ. ಅಪ್ಪ ಟೀವಿ ಆರಿಸಲೂ ಏಳಲಿಲ್ಲ. ಬಸ್ಸಿನಲ್ಲಿ ಆ ಅಧ್ಯಾಯ ಓದಿ ನನ್ನ ಸ್ಟಾಪ್ ತಪ್ಪಿಸಿಕೊಂಡಿದ್ದೆ ನಾನು. ಅವತ್ತು ನನಗೆ ಆದದ್ದೇ ಅವರಿಗೂ ಆಯಿತು. ಅವರ ದುಃಖ ನನ್ನದಕ್ಕಿಂತ ಕಡಿಮೆಯದು ಅಂತ ನನಗೆ ಒಂದು ಕ್ಷಣಕ್ಕೂ ಅನ್ನಿಸಲಿಲ್ಲ.

ಟೀವಿಯವರು ಮಾಡಿದ ಬದಲಾವಣೆಗಳ ಬಗ್ಗೆ ನಿನ್ನ ದೂರುಗಳಲ್ಲಿ ಕೆಲವು ನನಗೆ ದೊಡ್ಡವಲ್ಲ. ಟಿರಿಯನ್‌ಗೆ ಪುಸ್ತಕದ ಹಾಗೆ ಮೂಗೇ ಹೋದರೂ ಅಷ್ಟೇ, ಟೀವಿಯ ಹಾಗೆ ಬರೀ ಗಾಯದ ಗುರುತು ಉಳಿದರೂ ಅಷ್ಟೇ, ಕಥೆ ಅಲುಗುವುದಿಲ್ಲ. ಟೀವಿಯಲ್ಲಿ ರಾಜಕುಮಾರಿ ಡನೇರಿಸ್ ವಯಸ್ಸು ಏರಿಸಿದ್ದು ಸರಿಯೇ. 13 ವರ್ಷದ ಹುಡುಗಿಯನ್ನು ಹಾಗೆಲ್ಲ ತೋರಿಸಬಾರದು.

ಪುಸ್ತಕದಲ್ಲಿ ಒಂದೊಂದು ಅಧ್ಯಾಯ ಒಬ್ಬೊಬ್ಬರದು. ಅವರು ಕಂಡದ್ದು, ಕೇಳಿದ್ದು ಮಾತ್ರ ನಮಗೂ ಸಿಗುತ್ತದೆ. ರಾಜ ರಾಬರ್ಟ್‌ಗೆ ಅಧ್ಯಾಯವಿಲ್ಲ, ಟಿರಿಯನ್‌ನ ಅಪ್ಪ ಟೈವಿನ್‌ಗೂ ಇಲ್ಲ. ಹಾಗಾಗಿ ಅವರು ಬಾಗಿಲು ಹಾಕಿಕೊಂಡರೆ ನಾವು ಹೊರಗೇ. ಟೀವಿಯವರು ಆ ಬಾಗಿಲು ತೆಗೆದರು. ಮೊದಲ ಸೀಸನ್ನಿನಲ್ಲಿ ರಾಬರ್ಟ್, ಅವನ ರಾಣಿ ಸರ್ಸಿ ಇಬ್ಬರೇ ಕೂತು ಹಾಳಾದ ತಮ್ಮ ಮದುವೆ ಬಗ್ಗೆ ಮಾತಾಡುತ್ತಾರಲ್ಲ, ಅದು ಪುಸ್ತಕದಲ್ಲಿಲ್ಲ. ಹ್ಯಾರನ್‌ಹಾಲ್‌ನಲ್ಲಿ ಆರ್ಯಾ ಟೈವಿನ್‌ಗೆ ಬಡಿಸುತ್ತಾ ಮಾತಿಗೆ ಮಾತು ಕೊಡುವುದೂ ಇಲ್ಲ. ಪುಸ್ತಕದಲ್ಲಿ ಅವಳು ಆ ಕೆಲಸ ಮಾಡುವುದು ಇನ್ನೊಬ್ಬ ಸರದಾರ ರೂಸ್ ಬೋಲ್ಟನ್‌ಗೆ. ಆದರೂ ಆ ಸೀನುಗಳಲ್ಲಿ ಯಾರಾದರೂ ತಮ್ಮ ಸ್ವಭಾವ ಬಿಟ್ಟು ನಡೆದರಾ? ಇಲ್ಲ ಅಲ್ವಾ?

ರಾಬ್ ಮದುವೆ ವಿಷಯದಲ್ಲಿ ಮಾತ್ರ ನಾನು ನಿನ್ನ ಕಡೆ. ಪುಸ್ತಕದ ರಾಬ್ ಗಾಯಗೊಂಡು ಮಲಗಿದ್ದಾಗ ತಮ್ಮಂದಿರು ಸತ್ತ ಸುದ್ದಿ ಬರುತ್ತದೆ. ಸಮಾಧಾನ ಮಾಡಲು ಬಂದವಳು ಜೇನ್. ಮಾರನೇ ದಿನ ಅವಳ ಮಾನ ಉಳಿಸಲು ಮದುವೆಯಾಗುತ್ತಾನೆ. ಒಬ್ಬಳ ಮಾನ ಕಾಯಲು ಹೋಗಿ ಇನ್ನೊಂದು ಮನೆತನದ ಹುಡುಗಿಯನ್ನು ಮದುವೆಯಾಗುತ್ತೇನೆ ಅಂತ ಕೊಟ್ಟ ಮಾತು ಮುರಿಯುವ ಹುಡುಗ. ಅಪ್ಪನ ಮಗನೇ ಸರಿ. ಟೀವಿಯ ರಾಬ್ ತಲೀಸಾಳನ್ನು ಪ್ರೀತಿಸಿ ಮಾತು ತಪ್ಪುತ್ತಾನೆ. ಎರಡೂ ಕಡೆ ಅವನನ್ನು ಅದೇ ಮದುವೆ ಮನೆಯಲ್ಲಿ ಕೊಲ್ಲುತ್ತಾರೆ. ಆದರೆ ಸತ್ತ ಹುಡುಗ ಬೇರೆ.

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಮೊದಲ ಸೀಸನ್ನಿನಲ್ಲಿ ಟಿರಿಯನ್ ಡೇರೆಯಲ್ಲಿ ಕೂತು ಟೈಶಾ ಕಥೆ ಹೇಳುತ್ತಾನೆ. ಚಿಕ್ಕ ವಯಸ್ಸಿನಲ್ಲಿ ಮದುವೆಯಾದದ್ದು, ಅವಳು ದುಡ್ಡು ಕೊಟ್ಟು ಕರೆಸಿದ ಹೆಣ್ಣು ಅಂತ ಅಣ್ಣ ಜೇಮಿಯೇ ಹೇಳಿದ್ದು, ಅಪ್ಪ ಅವಳನ್ನು ಸೈನಿಕರ ಕೈಗೆ ಕೊಟ್ಟದ್ದು. ಪುಸ್ತಕದಲ್ಲಿ ಜೈಲಿನಿಂದ ಬಿಡಿಸಿದ ರಾತ್ರಿ ಜೇಮಿ ಬಾಯಿಬಿಡುತ್ತಾನೆ. ಅದು ಅಪ್ಪ ಹೇಳಿಸಿದ ಸುಳ್ಳು. ಟೈಶಾ ಬಡ ರೈತನ ಮಗಳು, ನಿನ್ನನ್ನು ಪ್ರೀತಿಸಿಯೇ ಮದುವೆಯಾದವಳು ಅನ್ನುತ್ತಾನೆ. ಟಿರಿಯನ್ ಮೆಟ್ಟಿಲು ಹತ್ತುವುದು ಅದಕ್ಕೆ. ಅವಳನ್ನು ಎಲ್ಲಿಗೆ ಕಳಿಸಿದೆ ಅಂತ ಅಪ್ಪನನ್ನು ಕೇಳಲು. ಅಣ್ಣತಮ್ಮಂದಿರು ಆ ರಾತ್ರಿ ಶತ್ರುಗಳಾಗಿ ಬೇರೆಯಾಗುತ್ತಾರೆ. 2014ರಲ್ಲಿ ಟೀವಿಗೆ ಬಂದಾಗ ಇಬ್ಬರೂ ಅಪ್ಪಿಕೊಂಡು ಬೀಳ್ಕೊಟ್ಟರು. ಟೈಶಾ ಹೆಸರೇ ಬರಲಿಲ್ಲ. ಬಿತ್ತಿದ ಮೇಲೆ ಕೊಯ್ಯದೇ ಬಿಟ್ಟರು. ನನಗೆ ಇವತ್ತಿಗೂ ಸಂಕಟವಾಗುವುದು ಇದೊಂದಕ್ಕೆ.

ಪುಟ್ಟಿ, ಒಂದು ಪುಟವನ್ನೂ ಓದದೆ ಅಕ್ಕ ಸರಿಯಾಗಿ ಆ ತೂತಿನ ಮೇಲೇ ಬೆರಳಿಟ್ಟಿದ್ದಳು. ನೀನು ಅವಳ ಬಾಯಿ ಮುಚ್ಚಿಸಿದೆ.

ಮಾರ್ಟಿನ್ ಅವರೇ 2015ರಲ್ಲಿ ಒಂದು ಪ್ರಶ್ನೆ ಎತ್ತಿದ್ದರು. ಗಾನ್ ವಿತ್ ದ ವಿಂಡ್ ಕಾದಂಬರಿಯ ನಾಯಕಿ ಸ್ಕಾರ್ಲೆಟ್ ಓಹಾರಾಗೆ ಎಷ್ಟು ಮಕ್ಕಳು? ಕಾದಂಬರಿಯಲ್ಲಿ ಮೂರು, ಸಿನಿಮಾದಲ್ಲಿ ಒಂದು, ನಿಜದಲ್ಲಿ ಸೊನ್ನೆ. ಅವಳು ಹುಟ್ಟೇ ಇಲ್ಲವಲ್ಲ! ಪುಸ್ತಕ ಪುಸ್ತಕವೇ, ಟೀವಿ ಟೀವಿಯೇ ಅನ್ನುವುದು ಅವರ ಮಾತಾಗಿತ್ತು. ಅದೇ ಮನುಷ್ಯ 2024ರಲ್ಲಿ, ತಮ್ಮ ಇನ್ನೊಂದು ಪುಸ್ತಕದಿಂದ ಮಾಡಿದ ಸೀರಿಯಲ್ ಹೌಸ್ ಆಫ್ ದ ಡ್ರ್ಯಾಗನ್‌ನಲ್ಲಿ ಮೇಲೋರ್ ಅನ್ನುವ ಒಂದು ಮಗುವನ್ನು ಕೈಬಿಟ್ಟದ್ದಕ್ಕೆ ನೊಂದು ತಮ್ಮ ಬ್ಲಾಗಿನಲ್ಲಿ ಉದ್ದಕ್ಕೆ ಬರೆದರು. ಸ್ವಲ್ಪ ಹೊತ್ತಿನಲ್ಲೇ ತೆಗೆದೂ ಹಾಕಿದರು. ಮಾತು ಬದಲಿಸಿದರು ಅಂತ ತುಂಬಾ ಜನ ಅಂದರು. ನನಗೆ ಹಾಗೆ ಕಾಣಲಿಲ್ಲ. ಲೆಕ್ಕದಲ್ಲಿ ಒಂದು ಮಗು ಕಡಿಮೆಯಾಯಿತು ಅಂತ ಅವರು ನೊಂದದ್ದಲ್ಲ. ಆ ಮಗು ಹೋದರೆ ಮುಂದೆ ಅದರ ತಾಯಿಗೆ ಆಗುವುದಕ್ಕೆಲ್ಲ ಇದ್ದ ಕಾರಣವೂ ಹೋಗುತ್ತದಲ್ಲ, ಅದಕ್ಕೆ.

2019ರ ಕೊನೆಯ ಸೀಸನ್ ವಾದ ಇನ್ನೊಂದು ದಿನಕ್ಕಿರಲಿ. ಐದನೇ ಪುಸ್ತಕ ಬಂದದ್ದು 2011ರಲ್ಲಿ, ಆರನೆಯದು ಇನ್ನೂ ಬಂದಿಲ್ಲ. ಪಕ್ಕದಲ್ಲಿಟ್ಟು ನೋಡಲು ನಮ್ಮ ಹತ್ತಿರ ಏನೂ ಇಲ್ಲ.

ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಕಪಾಟಿನಲ್ಲಿದ್ದ ಪುಸ್ತಕಗಳನ್ನು ಅಕ್ಕನಿಗೆ ಕೊಟ್ಟೆ. ಅವಳೇ ಬಂದು ಕೇಳಿದಳು. ಈಗ ಎರಡನೆಯದರಲ್ಲಿದ್ದಾಳೆ. "ಚಿಕ್ಕಮ್ಮ, ಆರ್ಯಾ ಟೈವಿನ್‌ಗೆ ಬಡಿಸೋದು ಯಾವಾಗ ಬರುತ್ತೆ?" ಅಂತ ನಿನ್ನೆ ಫೋನ್ ಮಾಡಿದ್ದಳು. ಓದು ನೋಡೋಣ ಅಂದೆ, ಅಷ್ಟೇ. ನಾವು ಕೊಂಡಾಗ ಮೂರನೆಯದು ಎರಡು ಭಾಗವಾಗಿ ಬಂದಿತ್ತಲ್ಲ, ಅದರ ಎರಡನೇ ಭಾಗ ಇಲ್ಲಿ ಸಿಗಲಿಲ್ಲ. ನಿನ್ನ ಹತ್ತಿರವೇ ಇರಬೇಕು. ಸಂಕ್ರಾಂತಿಗೆ ಬರುವಾಗ ತಂದು ನೀನೇ ಅವಳ ಕೈಗೆ ಕೊಡು. ಅದಕ್ಕೂ ಮೊದಲು, ಈ ವಾರವೇ, ಅವಳಿಗೆ ಫೋನ್ ಮಾಡು. ಏನು ಬೇಕಾದರೂ ಮಾತಾಡಿ. ಟೈಶಾ ಹೆಸರು ಮಾತ್ರ ಎತ್ತಬೇಡ.

ನಿನ್ನ,
ಅಮ್ಮ