ಫುಟ್‌ಬಾಲ್ ಕರಾರು: ಆಟಗಾರನೊಬ್ಬನದೇ ತಪ್ಪೆ?

ಮಾನ್ಯ ಸಂಪಾದಕರೇ,

ಭಾರತ ತಂಡದ ರಕ್ಷಣಾ ಆಟಗಾರ ಅನ್ವರ್ ಅಲಿ ಅವರು ಕೋಲ್ಕತ್ತದ ಮೋಹನ್ ಬಾಗನ್ ಕ್ಲಬ್ ಜೊತೆಗಿನ ಕರಾರನ್ನು ನಡುವೆಯೇ ಮುರಿದು ಅದೇ ಊರಿನ ಎದುರಾಳಿ ಈಸ್ಟ್ ಬೆಂಗಾಲ್ ಸೇರಿದ ವಿವಾದದ ಬಗ್ಗೆ ಈ ಅಂಕಣದಲ್ಲಿ ಬಂದ ಪತ್ರಗಳು ಅವರನ್ನು ಹಣದಾಸೆಗೆ ಬಿದ್ದವರು, ತಂಡಕ್ಕೆ ದ್ರೋಹ ಬಗೆದವರು ಎಂದು ಜರೆದಿರುವುದನ್ನು ಓದಿ ಬೇಸರವಾಯಿತು. ಅವರು ಎಫ್‌ಸಿ ಗೋವಾ ಪರ ಆಡುತ್ತಿದ್ದಾಗ ಕಾರವಾರದಿಂದ ರೈಲು ಹತ್ತಿ ಫಾತೋರ್ಡಾ ಕ್ರೀಡಾಂಗಣಕ್ಕೆ ಹೋಗಿ ಅವರ ಆಟ ನೋಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಅವರು ಮಾಡಿದ್ದೆಲ್ಲ ಸರಿ ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಕರಾರಿನಲ್ಲಿ ಏನಿತ್ತು ಎಂಬುದನ್ನು ಯಾರೂ ಕೇಳದೆ ತೀರ್ಪು ಕೊಟ್ಟುಬಿಡುವುದು ಮಾತ್ರ ಅನ್ಯಾಯ.

2023ರಲ್ಲಿ ಡೆಲ್ಲಿ ಎಫ್‌ಸಿ ತಂಡವು ಅವರನ್ನು ಮೋಹನ್ ಬಾಗನ್‌ಗೆ ಕಳುಹಿಸಿದ್ದು ನಾಲ್ಕು ವರ್ಷಗಳ ಎರವಲಿನ ಮೇಲೆ, ಅಂದರೆ ಆಟಗಾರ ಮೂಲ ಕ್ಲಬ್‌ನವನಾಗಿಯೇ ಉಳಿದು ಒಂದಷ್ಟು ಕಾಲ ಬೇರೆ ಕ್ಲಬ್‌ಗೆ ಆಡುವ ಏರ್ಪಾಡಿನ ಮೇಲೆ. ಆದರೆ 2022ರ ಜುಲೈನಿಂದ ಜಾರಿಗೆ ಬಂದ, ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದ ಪ್ರಕಾರ ಎರವಲು ಅವಧಿ ಒಂದು ವರ್ಷ ಮೀರುವಂತಿಲ್ಲ. ದೇಶದೊಳಗಿನ ಎರವಲಿಗೆ ಇಂಥ ನಿಯಮ ರೂಪಿಸಿಕೊಳ್ಳಲು ರಾಷ್ಟ್ರೀಯ ಫೆಡರೇಷನ್‌ಗಳಿಗೆ ಮೂರು ವರ್ಷಗಳ ಕಾಲಾವಕಾಶವಿತ್ತು. ಈ ಎರಡರ ನಡುವಿನ ಸಂದಿಯಲ್ಲೇ ವಿವಾದ ಹುಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಮಿತಿಯು ಅವರಿಗೆ ನಾಲ್ಕು ತಿಂಗಳ ನಿಷೇಧ ಹೇರಿತು ಮತ್ತು ಅವರೂ ಡೆಲ್ಲಿ ಎಫ್‌ಸಿ, ಈಸ್ಟ್ ಬೆಂಗಾಲ್ ಕ್ಲಬ್‌ಗಳೂ ಸೇರಿ ಮೋಹನ್ ಬಾಗನ್‌ಗೆ 12.90 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು. ಅವರು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಕೆಲವೇ ದಿನಗಳಲ್ಲಿ ಫೆಡರೇಷನ್ ಆ ಆದೇಶವನ್ನು ಹಿಂಪಡೆದು ಹೊಸದಾಗಿ ವಿಚಾರಣೆ ನಡೆಸಲು ಒಪ್ಪಿಕೊಂಡಿತು. ವಕೀಲರೇ ಒಮ್ಮತಕ್ಕೆ ಬಾರದ ವಿಷಯದಲ್ಲಿ ಇಪ್ಪತ್ತಮೂರು, ಇಪ್ಪತ್ತನಾಲ್ಕರ ಹುಡುಗನ ಮೇಲೆ ದ್ರೋಹದ ಪಟ್ಟ ಕಟ್ಟುವುದು ಯಾವ ನ್ಯಾಯ?

ಲಿಯೊನೆಲ್ ಮೆಸ್ಸಿಯಂಥವರೂ ಕರಾರಿನ ಇಂಥ ತೊಡಕಿಗೆ ಹೊರತಾಗಲಿಲ್ಲ. 2020ರ ಆಗಸ್ಟ್‌ನಲ್ಲಿ ಬಾರ್ಸಿಲೋನಾ ಬಿಡಲು ಹೊರಟಾಗ, ಜೂನ್ 10ರೊಳಗೆ ತಿಳಿಸಬೇಕಿತ್ತು ಎಂಬ ಒಂದು ಷರತ್ತನ್ನೂ ಕರಾರಿನ ನಡುವೆ ಬಿಡುವುದಿದ್ದರೆ ಕೊಡಬೇಕಾದ 70 ಕೋಟಿ ಯೂರೊ ಬಿಡುಗಡೆ ಮೊತ್ತವನ್ನೂ ಮುಂದಿಟ್ಟು ಕ್ಲಬ್ ಅವರನ್ನು ತಡೆಯಿತು. ಕರಾರು ಪಾಲಿಸುವ ಹೊಣೆ ಕ್ಲಬ್‌ಗಳಿಗೂ ಇದೆ ಎಂಬುದನ್ನು ಮಾತ್ರ ನಾವು ಅಷ್ಟು ಬಲವಾಗಿ ಹೇಳುವುದಿಲ್ಲ. ದೇಶದ ಪ್ರಮುಖ ಫುಟ್‌ಬಾಲ್ ಲೀಗ್ ಆದ ಐಎಸ್‌ಎಲ್ ಟೂರ್ನಿ ನಡೆಯುವುದೇ ಅನುಮಾನವಾದಾಗ, 2025ರ ಆಗಸ್ಟ್‌ನಲ್ಲಿ ನಮ್ಮದೇ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯಿತು. ಕ್ಲಬ್‌ನ ಕಷ್ಟ ನಿಜವೇ ಇರಬಹುದು, ಆದರೆ ಆಗ ಯಾರೂ ಅದನ್ನು ದ್ರೋಹ ಎನ್ನಲಿಲ್ಲ.

ನಾನು ಇಷ್ಟು ಕಳಕಳಿಯಿಂದ ಬರೆಯಲು ಕಾರಣ ಕೋಲ್ಕತ್ತದ ಈ ಪ್ರಕರಣವೊಂದೇ ಅಲ್ಲ. ಕಾರವಾರದಲ್ಲಿ ಹುಡುಗರಿಗೆ ಫುಟ್‌ಬಾಲ್ ಕಲಿಸುವವನು ನಾನು. ಮಾಜಾಳಿ, ಸದಾಶಿವಗಡ, ಕೋಡಿಬಾಗದ ಹುಡುಗರು ಸ್ವಲ್ಪ ಚೆನ್ನಾಗಿ ಆಡತೊಡಗಿದರೆ ಗಡಿಯಾಚೆಯ ಗೋವಾ ಕ್ಲಬ್‌ಗಳಿಂದ ಕರೆ ಬರುತ್ತದೆ. ನನ್ನ ಬಳಿ ಕಲಿತ ಹದಿನೇಳರ ಹುಡುಗನೊಬ್ಬನಿಗೆ ಹಾಗೆ ಕರೆ ಬಂದಾಗ, ಬೈತಖೋಲ ಬಂದರಿನಲ್ಲಿ ಮೀನು ಇಳಿಸುತ್ತಿದ್ದ ಅವನ ತಂದೆ ಅಲ್ಲಿಯೇ ಕೈ ಒರೆಸಿಕೊಂಡು, ಬೈಕಿನ ಸೀಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿಕೊಟ್ಟರು. ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು, ಸಂಬಳದ ಜಾಗ ಖಾಲಿಯಿತ್ತು, ಅವಧಿ ಐದು ವರ್ಷ ಎಂದಿತ್ತು. ಹದಿನೆಂಟು ತುಂಬದವರ ಕರಾರು ಮೂರು ವರ್ಷ ಮೀರಬಾರದೆಂದು ಫಿಫಾ ನಿಯಮವೇ ಹೇಳುತ್ತದೆ. ಮರುವರ್ಷ ಅವನ ಮೊಣಕಾಲಿಗೆ ಪೆಟ್ಟಾದಾಗ ಕ್ಲಬ್ ಚಿಕಿತ್ಸೆಗೆ ಹಣ ಕೊಡಲಿಲ್ಲ, ಬೇರೆ ತಂಡ ಸೇರಲು ಬೇಕಾದ ಎನ್‌ಒಸಿಯನ್ನೂ (ನಿರಾಕ್ಷೇಪಣಾ ಪತ್ರ) ಕೊಡಲಿಲ್ಲ. ಕೇಳಲು ಹೋದವರ ಕೈಯಲ್ಲಿ ಕರಾರಿನ ಒಂದು ಪ್ರತಿಯೂ ಇರಲಿಲ್ಲ. ಅನ್ವರ್ ಅಲಿ ಅವರಿಗೆ ಹೈಕೋರ್ಟಿಗೆ ಹೋಗುವ ಶಕ್ತಿಯಾದರೂ ಇತ್ತು. ಈ ಹುಡುಗನಿಗೆ ಪಣಜಿಗೆ ಹೋಗಿ ವಕೀಲರನ್ನು ಕಾಣುವುದಕ್ಕೂ ಕೈಯಲ್ಲಿ ಕಾಸಿರಲಿಲ್ಲ.

ಕನಿಷ್ಠ ಎರಡು ತಿಂಗಳ ಸಂಬಳ ಬಾರದಿದ್ದರೆ ಕ್ಲಬ್‌ಗೆ ಲಿಖಿತ ನೋಟಿಸ್ ಕೊಟ್ಟು, ಕನಿಷ್ಠ 15 ದಿನ ಕಾದು, ಆಮೇಲೂ ಬಾಕಿ ಬಾರದಿದ್ದಲ್ಲಿ ನ್ಯಾಯಬದ್ಧವಾಗಿಯೇ ಕರಾರು ಮುರಿಯಬಹುದು ಎಂಬ ಫಿಫಾ ನಿಯಮ ನಮ್ಮ ಎಷ್ಟು ಹುಡುಗರಿಗೆ ಗೊತ್ತು? ಗೋವಾ ಕ್ಲಬ್‌ಗಳ ಆಯ್ಕೆ ಪ್ರಕ್ರಿಯೆ ಶುರುವಾಗುವ ಮುನ್ನ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಕಾರವಾರದ ಮಾಲಾದೇವಿ ಮೈದಾನದಲ್ಲಿ ಆಟಗಾರರನ್ನೂ ಅವರ ಪೋಷಕರನ್ನೂ ಸೇರಿಸಿ, ಕಾನೂನು ಸೇವಾ ಪ್ರಾಧಿಕಾರದ ವಕೀಲರೊಬ್ಬರಿಂದ ಕರಾರಿನ ಮುಖ್ಯ ಷರತ್ತುಗಳನ್ನು ಕನ್ನಡ ಮತ್ತು ಕೊಂಕಣಿಯಲ್ಲಿ ವಿವರಿಸುವ ಏರ್ಪಾಡು ಮಾಡಬೇಕು. ಸಹಿ ಮಾಡಿದ ಕರಾರಿನ ಪ್ರತಿ ಮನೆಯವರ ಕೈಸೇರುವವರೆಗೆ ಯಾವ ಹುಡುಗನನ್ನೂ ಹೊರಗಿನ ಕ್ಲಬ್‌ಗೆ ಕಳುಹಿಸಬಾರದೆಂದು ಜಿಲ್ಲೆಯ ತರಬೇತುದಾರರೆಲ್ಲರೂ ಪಟ್ಟು ಹಿಡಿಯಬೇಕೆಂದು ಕೋರುತ್ತೇನೆ.

– ಫುಟ್‌ಬಾಲ್ ತರಬೇತುದಾರ, ಕಾರವಾರ