ಗೀರು ಬಿದ್ದ ಕಾಯಿನ್‌ಗೆ ಲಕ್ಷ ಬರುತ್ತೆ ಅಂತ ನಂಬಿ ದುಡ್ಡು ಕಳಿಸ್ಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮಂಡ್ಯದಲ್ಲಿ ನಂದೊಂದು ದಿನಸಿ ಅಂಗಡಿ ಇದೆ, ಇಪ್ಪತ್ತು ವರ್ಷದಿಂದ ಗಲ್ಲಕ್ಕೆ ಬರೋ ಚಿಲ್ರೇಲಿ ವಿಚಿತ್ರ ಅನ್ಸಿದ ಕಾಯಿನ್ ಎತ್ತಿಡೋ ಅಭ್ಯಾಸ. ಹೋದ ವಾರ ನಮ್ಮ ಬೀದಿ ಹೂವಿನಕ್ಕ ಒಂದು ರೂಪಾಯಿ ಕಾಯಿನ್‌ನ ಬಟ್ಟೇಲಿ ಸುತ್ಕೊಂಡು ಬಂದ್ರು. "ಅಣ್ಣ, ಇದು ಎರರ್ ಕಾಯಿನ್ನಂತೆ, ಮೂರು ಲಕ್ಷ ಕೊಡ್ತಾರಂತೆ, ರಿಜಿಸ್ಟ್ರೇಷನ್‌ಗೆ ಅಂತ 750 ಕಳ್ಸಿದೀನಿ, ಈಗ ಟ್ಯಾಕ್ಸ್ ಅಂತ 2,600 ಕೇಳ್ತಾವ್ರೆ" ಅಂದ್ರು. ನೋಡಿದ್ರೆ ಯಾರೋ ಮೊಳೇಲಿ ಕೆರೆದಿರೋ ಗೀರು ಅಷ್ಟೆ. ನಂಗೆ ಹೊಟ್ಟೆ ಉರಿದೋಯ್ತು.

ಎರರ್ ಅಂದ್ರೆ ಕಾಯಿನ್ ತಯಾರಾಗೋ ಟಂಕಸಾಲೇಲೇ ಆದ ತಪ್ಪು, ಅದನ್ನ ಗುರುತಿಸೋಕೆ ಕಾಯಿನ್ ಹೆಂಗೆ ಆಗುತ್ತೆ ಅಂತ ಗೊತ್ತಿದ್ರೆ ಸಾಕು. ಲೋಹದ ಬಿಲ್ಲೇನ ಎರಡು ಅಚ್ಚಿನ ಮಧ್ಯೆ ಇಟ್ಟು ಜೋರಾಗಿ ಒತ್ತುತಾರೆ. ಅಚ್ಚು ಬಿರುಕು ಬಿಟ್ಟಿದ್ರೆ ಲೋಹ ಆ ಬಿರುಕಿಗೆ ನುಗ್ಗುತ್ತೆ, ಹಂಗಾಗಿ ಕಾಯಿನ್ ಮೇಲೆ ಗೆರೆ ಉಬ್ಬಿರುತ್ತೆ. ನನ್ನ ಹತ್ರ ಒಂದು 5 ರೂಪಾಯಿದಿದೆ, ಅಂಚಿಂದ ಸಿಂಹದವರೆಗೂ ಕೂದಲೆಳೆ ಥರ ಗೆರೆ, ಉಗುರಾಡಿಸಿದ್ರೆ ಎಡವುತ್ತೆ. ಹೂವಿನಕ್ಕನ ಕಾಯಿನ್‌ನಲ್ಲಿ ಉಗುರು ಒಳಗೆ ಇಳೀತು, ಗೀರಿನ ಎರಡೂ ಪಕ್ಕ ನೇಗಿಲು ಹೊಡೆದ ಸಾಲಿನಂಗೆ ಲೋಹ ಎದ್ದಿತ್ತು, ಅದು ಆಮೇಲೆ ಬಿದ್ದ ಏಟು.

ಸವೆದಿರೋದೂ ಎರರ್ ಅಲ್ಲ, ಸವೆದ್ರೆ ಎತ್ತರ ಇರೋ ಜಾಗ ಮೊದಲು ಹೋಗುತ್ತೆ. ಅಚ್ಚಿನ ಅಕ್ಷರದೊಳಗೆ ಜಿಡ್ಡು ತುಂಬಿ ಮೂಡದೇ ಹೋಗಿದ್ರೆ ಒಂದೆರಡು ಅಕ್ಷರ ಮಾತ್ರ ಮಾಯ ಆಗಿ, ಪಕ್ಕದ್ದು ಚೂಪಾಗೇ ಇರುತ್ತೆ. ಅಂಚು ಕಚ್ಚಿದಂಗಿರೋ ಕಾಯಿನ್ ಸಿಕ್ರೆ ಎದುರು ಭಾಗದ ಅಂಚು ನೋಡಿ, ಬಿಲ್ಲೆ ಕತ್ತರಿಸುವಾಗಲೇ ತುಂಡಾಗಿದ್ರೆ ಅಲ್ಲೂ ಅಂಚು ಸಾಮಾನ್ಯವಾಗಿ ಮಂಕಾಗಿರುತ್ತೆ, ಅರ ಹಾಕಿ ಉಜ್ಜಿದ್ರೆ ಅಲ್ಲೆಲ್ಲಾ ನೆಟ್ಟಗೇ ಇರುತ್ತೆ.

ಜಾಸ್ತಿ ಮೋಸ ಆಗೋದು ಲಾಖಿ ಅಂತಾರಲ್ಲ ಅದ್ರಲ್ಲಿ. ಮೊದಲು ಒತ್ತಿದ ಕಾಯಿನ್ ಅಚ್ಚಿಗೇ ಅಂಟ್ಕೊಂಡು, ಮುಂದಿನ ಬಿಲ್ಲೆ ಮೇಲೆ ಒಂದು ಕಡೆ ಸರಿಯಾದ ಚಿತ್ರ, ಇನ್ನೊಂದು ಕಡೆ ಅದೇ ಚಿತ್ರ ಕನ್ನಡೀಲಿ ಕಂಡಂಗೆ ಉಲ್ಟಾ, ತಗ್ಗಾಗಿ ಬೀಳುತ್ತೆ. ಎರಡು ಕಾಯಿನ್ನ ತಿರುಪಿನ ಇಕ್ಕಳ, ಅಂದ್ರೆ ವೈಸ್‌ನಲ್ಲಿ ಹಾಕಿ ಬಿಗಿದ್ರೂ ಉಲ್ಟಾ ಗುರುತು ಬೀಳುತ್ತೆ ಕಣ್ರೀ, ಆದ್ರೆ ಅದರ ಕೆಳಗೆ ಹಳೇ ಚಿತ್ರ ಇನ್ನೂ ಇಣುಕ್ತಿರುತ್ತೆ, ಹಿಂಭಾಗ ಚಪ್ಪಟೆ ಆಗಿರುತ್ತೆ. 10 ರೂಪಾಯಿ ಕಾಯಿನ್ ಸುಮಾರು 7.7 ಗ್ರಾಂ ಇರಬೇಕು, ತೆಳ್ಳಗಾಗಿ ತೂಕ ಇಳಿದು ಅಕ್ಷರ ಎಲ್ಲಾ ಕರಗಿದಂಗಿದ್ರೆ ಆಸಿಡ್‌ನಲ್ಲಿ ಅದ್ದಿರೋ ಅನುಮಾನ ಪಡಿ.

ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದಲ್ಲಿ ಹೊಡೆದ ಆನೆ ಪೈಸೇಲಿ ಚಿತ್ರ ಪಕ್ಕಕ್ಕೆ ಸರಿದಿದ್ರೂ ಅದನ್ನೂ ಎರರ್ ಅಂತ ಮಾರ್ತಾರೆ. ಅದು ಕೈಯಲ್ಲಿ ಸುತ್ತಿಗೆ ಹೊಡೆದು ಮಾಡಿದ್ದು, ಸರಿಯೋದು ಮಾಮೂಲಿ.

ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲೇ ಹೇಳಿದೆ, ಹಳೇ ನೋಟು ಕಾಯಿನ್ ಕೊಳ್ಳೋ ಮಾರೋ ವ್ಯವಹಾರ ನಾವು ಮಾಡಲ್ಲ, ಅದಕ್ಕೆ ಫೀಸು ಕಮಿಷನ್ ಯಾವತ್ತೂ ಕೇಳಲ್ಲ ಅಂತ. ದಯವಿಟ್ಟು ನಿಮ್ಮ ಪತ್ರಿಕೇಲಿ ನಿಜವಾದ ಎರರ್ ಕಾಯಿನ್, ಏಟು ತಿಂದ ಕಾಯಿನ್ ಎರಡರ ದೊಡ್ಡ ಫೋಟೋ ಅಕ್ಕಪಕ್ಕ ಹಾಕಿ, ಫೋಟೋಗೆ ನನ್ನ ಕಾಯಿನ್ ಕೊಡ್ತೀನಿ. ಹೂವಿನಕ್ಕ 2,600 ಕಳಿಸ್ಲಿಲ್ಲ, 750ಕ್ಕೆ ಸೈಬರ್ ಮೋಸದ ಸಹಾಯವಾಣಿ 1930ಗೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟಿದೀವಿ.

ಇಂತಿ,
ಒಬ್ಬ ದಿನಸಿ ಅಂಗಡಿಯವ, ಮಂಡ್ಯ